ಗಂಡಸರ ಬದಿಯ ಬೆಂಚು

“ಇಷ್ಟೇಯಾ ನಿಮ್ಮ ಕೆಥೆಡ್ರಲ್?” ಎಂದಳು ಟಾನ್ಯಾ.

“ಇಷ್ಟೇ. ನಮಗೆ ಸಾಕಾಗ್ತದೆ,” ಎಂದ ಶೆರ್ವಿನ್. “ಮೆಲ್ಬರ್ನಿನ ಹಾಗೆ ಮುಗಿಲು ಮುಟ್ಟುವುದು ಬೇಕಿತ್ತಾ?”

“ಬೇಡ ಮಾರಾಯ. ಕೂತ್ಕೊಳ್ಳಿಕ್ಕೆ ಬೆಂಚ್ ಉಂಟಲ್ಲ. ತಿನ್ನು ತಿನ್ನು ಅನ್ನುವವರು ಯಾರೂ ಇಲ್ಲ.”

ಅವಳು ಹುಟ್ಟಿ ಬೆಳೆದದ್ದು ಮೆಲ್ಬರ್ನಿನಲ್ಲಿ. ಊರಿನ ಮಾತನ್ನು ಅಪ್ಪ ಅಮ್ಮನಿಂದ ಕಲಿತಿದ್ದಳು, ಆದರೆ ಮಂಗಳೂರು ಅವಳಿಗೆ ಪರದೇಶವೇ. ಬಂದಾಗಿನಿಂದ ಬ್ರೆಂಡಾ ಆಂಟಿ ಅವಳನ್ನು ಗಂಡು ನೋಡಲು ಮನೆಯಿಂದ ಮನೆಗೆ ಸುತ್ತಿಸಿದ್ದರು. ಎಲ್ಲ ಕಡೆ ಅದೇ ನಗು, ಅದೇ ಪೋರ್ಕ್, ಅದೇ ಪ್ರಶ್ನೆ. ತಾನು ಕೆಲಸ ಮಾಡುವ ಅತ್ತಾವರದ ಲ್ಯಾಬಿಗೆ ರಜೆ ಹಾಕಿ ಕಾರು ಓಡಿಸಿದವನು ಆಂಟಿಯ ಪಕ್ಕದ ಮನೆಯ ಶೆರ್ವಿನ್. ಕನ್ನಡಿಯಲ್ಲಿ ಅವಳ ಕಣ್ಣು ಸಿಕ್ಕಿದಾಗಲೆಲ್ಲ ಅವನು ಸುಮ್ಮನೆ ಹಾರ್ನ್ ಒತ್ತುತ್ತಿದ್ದ.

ಇವತ್ತು ದುಬೈಯ ಗಂಡು ರೂಬನ್‌ನ ಮನೆಯವರಿಗೆ ಉತ್ತರ ಕೊಡಬೇಕಿತ್ತು. ಆಂಟಿಯ ಪ್ರಕಾರ ಅದು ‘ಹೂಂ’ ಎಂದೇ.

ಟಾನ್ಯಾ ಶೆರ್ವಿನ್ ಪಕ್ಕದಲ್ಲೇ ಕುಳಿತಳು.

“ಇದು ಗಂಡಸರ ಬದಿ,” ಅವನು ಪಿಸುಗುಟ್ಟಿದ. “ಈಗ ರೂಲ್ ಎಂತದೂ ಇಲ್ಲ. ಆದ್ರೆ ಇಲ್ಲಿ ಜೊತೆಗೆ ಕೂತ್ರೆ ಮದುವೆ ಫಿಕ್ಸ್ ಆಗಿದೆ ಅಂತ ತಿಳ್ಕೊಳ್ತಾರೆ. ಆಚೆ ಹೆಂಗಸರೆಲ್ಲ ನೋಡ್ತಾ ಇದ್ದಾರೆ.”

ಸುತ್ತಾಟದ ಸುಸ್ತಿಗೆ ಅವಳ ತಲೆ ಆಗಲೇ ಅವನ ಭುಜಕ್ಕೆ ವಾಲಿತ್ತು. ಗಾಢ ನಿದ್ದೆ.

ಸಂಜೆಯ ಪೂಜೆ ಶುರುವಾಯಿತು. ಎಲ್ಲರೂ ಎದ್ದು ನಿಂತರು, ಶೆರ್ವಿನ್ ಏಳಲಿಲ್ಲ. ಎದ್ದರೆ ಅವಳು ಬೀಳುತ್ತಾಳೆ. ಸುವಾರ್ತೆ ಓದುವಾಗಲೂ ಏಳಲಿಲ್ಲ. ಗಂಟೆ ಬಾರಿಸಿ ಎಲ್ಲರೂ ಮೊಣಕಾಲೂರಿದಾಗ ಇಡೀ ಇಗರ್ಜಿಯಲ್ಲಿ ಅವರಿಬ್ಬರ ತಲೆ ಮಾತ್ರ ಎದ್ದು ಕಾಣುತ್ತಿತ್ತು.

ಅವಳ ಉಸಿರು ಅವನ ಕಾಲರಿಗೆ ಬೆಚ್ಚಗೆ ತಾಗುತ್ತಿತ್ತು. ಪಾದ್ರಿಗಳ ಪ್ರಸಂಗ ಇನ್ನೂ ಉದ್ದ ಇರಬಾರದಿತ್ತೇ ಎಂದು ಜನ್ಮದಲ್ಲಿ ಮೊದಲ ಸಲ ಅವನಿಗೆ ಅನ್ನಿಸಿತು.

ಪೂಜೆ ಮುಗಿದು ಹೊರಡುವಾಗ ಹಿಂದಿನ ಬೆಂಚಿನ ಗ್ರೆಗರಿ ಅಂಕಲ್ ಬಗ್ಗಿದರು. “ಎಂತ ಶೆರ್ವಿನ್, ಕಾಲಿಗೆ ಎಂತಾಯ್ತು?”

“ಎಂತ ಆಗ್ಲಿಲ್ಲ ಅಂಕಲ್.”

“ಹಾಗಾದ್ರೆ ಗೊತ್ತಾಯ್ತು ಬಿಡು. ಮದುವೆಗೆ ಕರಿ.”

ಆ ಮಾತಿಗೆ ಟಾನ್ಯಾ ಎಚ್ಚರಗೊಂಡಳು. ಖಾಲಿಯಾಗುತ್ತಿದ್ದ ಬೆಂಚುಗಳನ್ನು ನೋಡಿದಳು. “ಪೂಜೆ ಮುಗೀತಾ? ಎಬ್ಬಿಸ್ಬೇಕಿತ್ತಲ್ಲ. ಊರೆಲ್ಲ ನೋಡಿರ್ಬೇಕು.”

“ನೋಡ್ಲಿ.” ಅವನು ಎದುರಿನ ಆಲ್ತಾರಿನ ಕಡೆಗೇ ನೋಡುತ್ತಿದ್ದ. “ನಿನ್ನನ್ನು ಆ ಹುಡುಗರ ಮನೆಗೆಲ್ಲ ಬಿಟ್ಟು ಹೊರಗೆ ಕಾರಲ್ಲಿ ಕೂತವ ನಾನು. ಪ್ರತಿ ಸಲ, ಇವಳು ಬೇಡ ಅನ್ಲಿ ದೇವರೇ ಅಂತ ಕೇಳ್ತಿದ್ದೆ. ನನಗೂ ಸುಸ್ತಾಗಿದೆ ಟಾನ್ಯಾ.”

ಅವಳು ಫೋನ್ ತೆಗೆದು ಆಂಟಿಗೆ ಕರೆ ಮಾಡಿದಳು.

“ಆಂಟಿ, ರೂಬನ್ ಮನೆಯವರಿಗೆ ಬೇಡ ಅಂತ ಹೇಳಿ. ಕಾರಣವಾ? ನಾವು ಮನೆಗೆ ಬರುವ ಮೊದಲೇ ಯಾರಾದ್ರೂ ನಿಮಗೆ ಹೇಳ್ತಾರೆ.”

ಫೋನ್ ಬ್ಯಾಗಿಗೆ ಹಾಕಿ, ಮತ್ತೆ ಅವನ ಭುಜಕ್ಕೆ ತಲೆಯಿಟ್ಟಳು. ಈ ಸಲ ಕಣ್ಣು ತೆರೆದೇ ಇತ್ತು.

“ಆ ಭುಜಕ್ಕೆ ಜೋಮು ಹಿಡಿದಿದೆ ಮಾರಾಯ್ತಿ,” ಎಂದ ಶೆರ್ವಿನ್.

ಅವಳು ಎದ್ದು, ಅವನ ಮೊಣಕಾಲುಗಳನ್ನು ದಾಟಿ, ಅವನ ಇನ್ನೊಂದು ಭುಜದ ಪಕ್ಕಕ್ಕೆ ಬಂದು ಕುಳಿತಳು.