ಬ್ರೇಕ್ ಮೇಲಿನ ಕಾಲು

ಗ್ಯಾರೇಜಿನ ಒಳಗಿಂದ ಮೆಕ್ಯಾನಿಕ್ ಕುಂಟುತ್ತಾ ಬಂದ. ಅವಳು ಕಾರಿನ ಸ್ಟೀರಿಂಗ್ ಹಿಡಿದು ಕೂತಿದ್ದಳು. ಎರಡು ವರ್ಷ... ಆ ಕಾಲು ಮುರಿದವಳು ತಾನೇ ಎಂಬುದನ್ನು ಅವಳು ಒಂದು ದಿನವೂ ಮರೆತಿರಲಿಲ್ಲ.

"ಬೇರೆ ಗ್ಯಾರೇಜೇ ಸಿಗಲಿಲ್ವಾ?" ಎಂದ ಅವನು.

ಸಿಕ್ಕಿದ್ದವು, ಎರಡು. ಒಬ್ಬ ಪ್ಲಗ್ ಬದಲಿಸಿದ. ಇನ್ನೊಬ್ಬ, ಹಳೇ ಗಾಡಿ ನಡುಗದೆ ಇರುತ್ತಾ ಎಂದು ನಕ್ಕ. ಆದರೆ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಕಾರು ಗಡಗಡ ನಡುಗುತ್ತಿತ್ತು, ಹಿಂದಿನ ಸೀಟಿನಲ್ಲಿ ಅಪ್ಪ ನೋವಿಗೆ ಟವೆಲ್ ಕಚ್ಚಿಕೊಳ್ಳುತ್ತಿದ್ದರು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಡಾಕ್ಟರು ತಿಂಗಳ ಮಾತು ಬಿಟ್ಟು ವಾರದ ಮಾತಾಡತೊಡಗಿದ್ದರು. ನಾಳೆ ಬೆಳಿಗ್ಗೆ ಮತ್ತೆ ಆಸ್ಪತ್ರೆಗೆ ಹೋಗಬೇಕು.

ಇಷ್ಟನ್ನೂ ಅವಳು ನೆಲ ನೋಡುತ್ತಲೇ ಹೇಳಿದಳು. ಅವನ ಬಿಗಿದ ಮುಖ ತುಸು ಸಡಿಲವಾಯಿತು.

ಇಂಜಿನ್ ಕೂರುವ ಮೌಂಟ್ ಸವೆದಿರಬೇಕು, ನಡುಕ ನುಂಗುವ ರಬ್ಬರ್ ಅದೇ ಎಂದ. ಖಾತ್ರಿ ಮಾಡಿಕೊಳ್ಳಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ, ಗೇರ್ ಹಾಕಿ, ಕ್ಲಚ್ ಚೂರೇ ಬಿಡಬೇಕು. ಇನ್ನೊಬ್ಬರು ಇಂಜಿನ್ ಎಷ್ಟು ಏಳುತ್ತದೆ ಎಂದು ನೋಡಬೇಕು. ಅವನ ಜೊತೆಗಾರ ಊಟಕ್ಕೆ ಹೋಗಿದ್ದ.

"ನೀನೇ ಒತ್ತು," ಎಂದ.

ಅವಳು ಪೆಡಲ್‌ನಿಂದ ಕಾಲು ಹಿಂದಕ್ಕೆ ಎಳೆದುಕೊಂಡಳು. ಇದೇ ಪರೀಕ್ಷೆ, ಇದೇ ಜಾಗ. ಆಗ ಅವರ ಮದುವೆಗೆ ಇಪ್ಪತ್ತು ದಿನವಿತ್ತು. ಬ್ರೇಕ್ ಮೇಲಿಂದ ಅವಳ ಕಾಲು ಜಾರಿ, ಕಾರು ಮುಂದಕ್ಕೆ ನೆಗೆದು, ಅವನ ಮೊಣಕಾಲು ಗೋಡೆಗೆ ಸಿಕ್ಕಿ ಪುಡಿಯಾಗಿತ್ತು.

"ನನ್ನ ಕೈಲಿ ಆಗಲ್ಲ. ಮತ್ತೆ ಜಾರಿದ್ರೆ?"

"ಆವತ್ತು ಆಸ್ಪತ್ರೆಗೆ ಯಾಕೆ ಬರ್ಲಿಲ್ಲ? ಕುಂಟನ ಜೊತೆ ಬಾಳೋಕಾಗಲ್ಲ ಅಂತ ತಾನೆ ಕಾಲಿಗೆ ಬುದ್ಧಿ ಹೇಳಿದ್ದು?"

"ಬಂದಿದ್ದೆ. ವಾರ್ಡಿನ ಬಾಗಿಲ ತನಕ. ನೀನು ಕಿರುಚ್ತಾ ಇದ್ದೆ... ಆ ನೋವು ಕೊಟ್ಟವಳು ಯಾವ ಮುಖ ಇಟ್ಕೊಂಡು ಒಳಗೆ ಬರ್ಲಿ?"

ಅವನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ತಪ್ಪು ನಿಂದಲ್ಲ. ಹ್ಯಾಂಡ್‌ಬ್ರೇಕ್ ನಾನು ಹಾಕಿರ್ಲಿಲ್ಲ. ಗಾಡಿ ಎದುರು ನಿಲ್ಲಬಾರದು, ಬದಿಗೆ ನಿಲ್ಲಬೇಕು ಅಂತ ನಮಗೆ ಮೊದಲನೇ ದಿನವೇ ಕಲಿಸ್ತಾರೆ. ಆದ್ರೂ ಎದುರೇ ನಿಂತಿದ್ದೆ. ನೀನು ಬಿಟ್ಟು ಹೋದೆ ಅನ್ನೋ ಸಿಟ್ಟಿಗೆ ಬಾಯಿ ಬಿಡಲಿಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಆ ಕಾಲನ್ನ ಎರಡು ವರ್ಷ ನಾನು ಹೊತ್ಕೊಂಡು ತಿರುಗಿದೀನಿ. ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

ಅವಳು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಅವನು ಒಳಗೆ ಬಾಗಿ ಹ್ಯಾಂಡ್‌ಬ್ರೇಕ್ ಎಳೆದ. ಚಕ್ರಗಳಿಗೆ ಇಟ್ಟಿಗೆ ಕೊಟ್ಟ. ಬಾನೆಟ್ ಎತ್ತಿ ಬದಿಗೆ ನಿಂತ.

ಅಪ್ಪನ ಟವೆಲ್ ನೆನಪಾಯಿತು. ಅವಳು ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ ಕ್ಲಚ್ ಚೂರೇ ಬಿಟ್ಟಳು... ಇಂಜಿನ್ ಎರಡು ಬೆರಳು ಮೇಲೆದ್ದು ಧಡ್ ಎಂದು ಕೂತಿತು. ಕಾರು ಮಾತ್ರ ಕದಲಲಿಲ್ಲ.

ಬಲಗಡೆಯ ಮೌಂಟಿನ ರಬ್ಬರ್ ಹರಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಗೇರ್‌ಬಾಕ್ಸಿನ ಕೆಳಗಿನದೂ ಜಜ್ಜಿಹೋಗಿತ್ತು. ಅವನು ಅಂಗಡಿಯಿಂದ ಹೊಸವು ತಂದ. ಮರದ ಹಲಗೆ ಕೊಟ್ಟು ಜ್ಯಾಕಿನ ಮೇಲೆ ಇಂಜಿನ್ ಹೊರಿಸಿ, ಹಳೆಯವನ್ನು ಬಿಚ್ಚಿದ. ಬೋಲ್ಟ್ ತೂತಿಗೆ ಕೂರದಿದ್ದಾಗ ಅವಳೇ ಜ್ಯಾಕನ್ನು ಕೂದಲೆಳೆಯಷ್ಟು ಇಳಿಸಿದಳು. ಅವನು ಎಂದೋ ಕಲಿಸಿದ ಕೆಲಸ ಅದು.

ಮರುದಿನ ಸಿಗ್ನಲ್‌ನಲ್ಲಿ ಕಾರು ನಿಂತಾಗ ಹಿಂದಿನಿಂದ ಕ್ಷೀಣ ದನಿ ಬಂತು. "ಇಂಜಿನ್ ಆಫ್ ಆಯ್ತಾ, ಮಗಳೇ?"

"ಇಲ್ಲಪ್ಪ, ಓಡ್ತಾ ಇದೆ."

ಟವೆಲ್ ಮಡಿಚಿದ ಹಾಗೇ ಇತ್ತು. ಅಪ್ಪ ಕಣ್ಣು ಮುಚ್ಚಿದರು. ಈ ದಾರಿಯಲ್ಲಿ ಇನ್ನೆಷ್ಟು ಸಲ ಬರುವುದಿದೆಯೋ, ಯಾರಿಗೂ ಗೊತ್ತಿರಲಿಲ್ಲ.

ಪಕ್ಕದ ಸೀಟಿನಲ್ಲಿ, ಮಡಿಸಲಾಗದ ಕಾಲು ಚಾಚಿ ಕೂತಿದ್ದ ಅವನು ಮೆಲ್ಲಗೆ ಕೇಳಿದ. "ಮುಂದಿನ ಸಲವೂ ಬರ್ಲಾ?"

"ಅದೊಂದೇ ಸಲಾನಾ?"

"ಅಪ್ಪ ಇರೋ ತನಕ... ಆಮೇಲೂ."

ಅವಳು ಬ್ರೇಕ್ ಮೇಲಿನ ಕಾಲು ಸಡಿಲಿಸದೆ, ಒಂದು ಕೈಯನ್ನು ಅವನ ಮೊಣಕಾಲಿನ ಮೇಲಿಟ್ಟಳು. "ನೋವಾಗುತ್ತಾ?"

"ಆಗುತ್ತೆ. ಕೈ ತೆಗೀಬೇಡ."