ಹೆಬ್ಬೆರಳಿನ ಕಟ್ಟು

ಬೆಳಿಗ್ಗೆ ಎಂಟು ಗಂಟೆ. ಸಿರಾ ಪೇಟೆಯ ಸಂಜೀವಯ್ಯ ಡಾಕ್ಟರ ದವಾಖಾನೆಯಲ್ಲಿ ಮರಳಿನ ಚೀಲ ನೆಲಕ್ಕೆ ಬಿದ್ದು ಒಡೆದಿತ್ತು. ಮಂಚದ ಮೇಲೆ ಕಳ್ಳಂಬೆಳ್ಳದ ಕುರಿಗಾರ ದಾಸಣ್ಣ ನರಳುತ್ತಿದ್ದ. ಸೊಂಟದ ಕೀಲಿನಲ್ಲಿ ಕೀವು. ಆ ಕಾಲನ್ನು ಎಳೆದು ಹಿಡಿಯಲೆಂದು ಚೀಲ ನೇತುಹಾಕಿದ್ದ ಪಟ್ಟಿಯನ್ನು ಯಾರೋ ಕತ್ತರಿಸಿದ್ದರು.

ಡಾಕ್ಟರು ಕೆಂಡವಾಗಿದ್ದರು. "ದಫೇದಾರ್ರೇ, ಕಾಲು ಎಳೆದರೇನೇ ಕೀಲಿನ ಗುಂಡು ಬಟ್ಟಲಿನಿಂದ ಉಗುರಿನ ದಪ್ಪ ಬಿಡೋದು. ಕೀವು ತೆಗೆಯೋ ಸೂಜಿ ಆ ಸಂದಿನಲ್ಲೇ ಹೋಗ್ಬೇಕು. ಎಳೆಯದೆ ಚುಚ್ಚಿದ್ರೆ ಗುಂಡಿಗೆ ಗೀರು ಬಿದ್ದು, ಇವನು ಜನ್ಮವೆಲ್ಲ ಕುಂಟ್ತಾನೆ. ಇದು ನಮ್ಮ ಕಾಂಪೌಂಡರ್ ಕೆಲಸ. ನಿನ್ನೆ ಬೈದಿದ್ದೆ, ಅದರ ಹಗೆ. ಎಳ್ಕೊಂಡು ಹೋಗಿ!"

ಪೊಲೀಸ್ ದಫೇದಾರ್ ಸಿದ್ದಗಂಗಯ್ಯನವರಿಗೆ ಅವಸರ ಆಗದು. ಎಲ್ಲವನ್ನೂ ಮುಟ್ಟಿ ನೋಡುವುದು ಅವರ ಹುಟ್ಟುಗುಣ. ಹೆಂಡತಿ ಅದಕ್ಕೆ ಬೇರೆ ಹೆಸರಿಟ್ಟಿದ್ದರು.

ಕಾಂಪೌಂಡರ್ ನಾಗಲಿಂಗಯ್ಯನ ಕತ್ತರಿ ಹರಿತವಾಗಿತ್ತು. ಪಟ್ಟಿಯ ಅಂಚೋ ಇಲಿ ಕಡಿದಂತಿತ್ತು. ಅದರಲ್ಲೊಂದು ಕರಿ ಉಣ್ಣೆಯ ಎಳೆ.

"ಈ ಹೆಬ್ಬೆರಳಲ್ಲಿ ಏನಯ್ಯಾ ಚಿಂದಿ?" ದಾಸಣ್ಣನ ಪಾದ ಮುಟ್ಟಿ ದಫೇದಾರರು ನಾಗಲಿಂಗಯ್ಯನನ್ನು ಕೇಳಿದರು.

"ಪಾದ ಹೊರಳಬಾರದು ಅಂತ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದ್ದೆ, ಸ್ವಾಮಿ. ಅದನ್ನೂ ಕತ್ತರಿಸವ್ರೆ."

"ನಿಮ್ಮ ಮನೇಲಿ ಸತ್ತೋರನ್ನ ಮಲಗಿಸಿ ಒಯ್ತೀರೋ, ಕೂರಿಸಿಯೋ?"

ನಾಗಲಿಂಗಯ್ಯ ಕಣ್ಣುಕಣ್ಣು ಬಿಟ್ಟ. "ನಾವು ಲಿಂಗಾಯತರು. ಕೂರಿಸಿ ಒಯ್ತೀವಿ."

* * *

ದಫೇದಾರರು ಮೂಲೆಗೆ ತಿರುಗಿದರು. ಕಂಬಳಿ ಹೊದ್ದು ದಾಸಣ್ಣನ ತಾಯಿ ಹೊನ್ನಕ್ಕ ಕುಳಿತಿದ್ದಳು.

"ಹೊನ್ನಕ್ಕಾ, ಉಣ್ಣೆ ಕತ್ತರಿ ಕೊಡಮ್ಮ."

ಅವಳು ಕಂಬಳಿಯೊಳಗಿಂದ ತೆಗೆದುಕೊಟ್ಟಳು. ಮೊಂಡು ಅಲಗಿಗೆ ಕರಿ ಉಣ್ಣೆ ಮೆತ್ತಿತ್ತು.

"ಹಗೆಯವನಾಗಿದ್ರೆ ಚೀಲದ ಪಟ್ಟಿ ಕತ್ತರಿಸಿ ಓಡ್ತಿದ್ದ, ಡಾಕ್ಟ್ರೇ" ಎಂದರು ದಫೇದಾರರು. "ಹೆಬ್ಬೆರಳಿನ ಗೊಡವೆ ಅವನಿಗ್ಯಾಕೆ? ಮಲಗಿಸಿ ಒಯ್ಯೋರಲ್ಲಿ ಹೆಬ್ಬೆರಳು ಜೋಡಿಸಿ ಕಟ್ಟೋದು ಹೆಣಕ್ಕೆ. ಕೂರಿಸೋ ಮನೆಯವನಿಗೆ ಅದು ಹೊಳೀಲಿಲ್ಲ. ಹೆತ್ತವಳಿಗೆ ಹೊಳೀತು."

"ಬದುಕಿರೋ ಮಗಂಗೆ ಹೆಣದ ಕಟ್ಟು ಕಟ್ಟವ್ರೆ. ನೋಡ್ಕಂಡು ಹೆಂಗ್ ಕುಂತಿರ್ಲಿ, ಸ್ವಾಮಿ? ಎಲ್ಲಾನೂ ಕತ್ತರಿಸ್ಬುಟ್ಟೆ" ಎಂದು ಹೊನ್ನಕ್ಕ ಅತ್ತಳು.

ಡಾಕ್ಟರ ಸಿಟ್ಟು ಇಳಿದುಹೋಯಿತು. ನಾಗಲಿಂಗಯ್ಯನ ಬೆನ್ನು ತಟ್ಟಿದರು. ಆದರೆ ಚೀಲ ಒಡೆದಿತ್ತು. ಕೀವು ಕಾಯುವುದಿಲ್ಲ.

"ಹೊನ್ನಕ್ಕಾ, ಕುರಿ ಈಯೋಕೆ ತಿಣುಕಿದ್ರೆ ಏನ್ಮಾಡ್ತೀಯ?" ಎಂದು ಡಾಕ್ಟರು ಕೇಳಿದರು.

"ಮರಿ ಕಾಲು ಹಿಡಿದು ಮೆಲ್ಲುಕೆ ಎಳೀತೀನಿ."

"ಚೀಲದ ಬದಲು ನೀನೇ ಮಗನ ಕಾಲು ಹಂಗೇ ಎಳಿ."

ನಾಗಲಿಂಗಯ್ಯ ದಾಸಣ್ಣನ ಮೂಗಿಗೆ ಕ್ಲೋರೋಫಾರಂ ಹಿಡಿದ. ಅವಳು ಮಗನ ಕಾಲು ಎಳೆದಳು. ಒಳಗೆಲ್ಲೋ ಟಿಕ್ ಎಂದಿತು. ಸೂಜಿ ತಡೆಯಿಲ್ಲದೆ ಇಳಿಯಿತು. ಗಾಜಿನ ಬಟ್ಟಲಿಗೆ ಹಳದಿ ಕೀವು ಬಂತು. ದಫೇದಾರರು ಬಗ್ಗಿ ಬಗ್ಗಿ ನೋಡಿದರು.

"ಸಾಕು, ಬಿಡಮ್ಮ" ಎಂದರು ಡಾಕ್ಟರು.

ಹೊನ್ನಕ್ಕ ಬಿಡಲಿಲ್ಲ. "ಇನ್ಮೇಲೆ ಬೆರಳು ಕಟ್ಟಾಕಿಲ್ಲ ಅನ್ನಿ. ಬುಡ್ತೀನಿ."