ಬೆಲ್ಟು ಬಿಗಿದಂತೆಯೇ ಇತ್ತು

ನಾನು ಮೂಳೆ ಡಾಕ್ಟರು. ಕಡ್ಡಿಯಂತಿದ್ದ ಆ ಅಜ್ಜಿಯ ಕೃತಕ ಸೊಂಟದ ಕೀಲು ಮೂರನೇ ಸಲ ಜಾರಿದಾಗ ಸೊಸೆಯ ಎದುರೇ ರೇಗಿದೆ.

“ಕಾಲ ಮೇಲೆ ಕಾಲು ಹಾಕ್ಬೇಡಿ ಅಂತ ಎಷ್ಟು ಸಲ ಬಡ್ಕೊಳ್ಲಿ?”

“ನಾನಲ್ಲಪ್ಪ. ಯಾರೋ ಎತ್ತಿ ಹಾಕ್ತಾರೆ.”

“ಸುಳ್ಳು ಬೇರೆ ಹೇಳ್ತೀರಿ.”

ಅಜ್ಜಿ ಮುಖ ತಿರುಗಿಸಿದರು.

ಅರಿವಳಿಕೆ ಕೊಟ್ಟು, ಮೊಣಕಾಲಿನ ಹಿಂದೆ ಹಿಡಿದೆಳೆದು ಕೀಲು ಕೂರಿಸಿದೆ. ಕಾಲುಗಳ ನಡುವೆ ದಪ್ಪ ದಿಂಬಿಟ್ಟು ಎರಡಕ್ಕೂ ಬೆಲ್ಟು ಬಿಗಿದೆ. ಅವರಿಗಿನ್ನೂ ಎಚ್ಚರವಾಗಿರಲಿಲ್ಲ, ಹೊದಿಕೆಯೊಳಗೆ ‘ಟಕ್’ ಎಂದಿತು.

ಸರಿಸಿ ನೋಡಿದೆ. ಒಳಗೆ ಐಸಿನಷ್ಟು ತಣ್ಣಗಿತ್ತು. ಬೆಲ್ಟು ಬಿಗಿದಂತೆಯೇ ಇತ್ತು, ಅದರೊಳಗೆ ಕೀಲು ಕೂರಿಸಿದ ಕಾಲಿರಲಿಲ್ಲ. ಅದು ಇನ್ನೊಂದು ಕಾಲಿನ ಮೇಲೆ ಕೂತಿತ್ತು.

ಅಜ್ಜಿ ಕಣ್ಣು ಬಿಟ್ಟು, “ನಾನಲ್ಲಪ್ಪ,” ಎಂದು ನನಗೇ ಕೈ ಮುಗಿದರು. ಮುಖ ಎಲ್ಲಿಡಲಿ ಎಂದು ತಿಳಿಯದೆ ತಲೆ ತಗ್ಗಿಸಿದೆ. ಆಗ ಕಂಡಿತು, ಅವರ ಆ ಕಾಲಿನ ಹಿಮ್ಮಡಿಯ ಮೇಲ್ಗಡೆ ಐದು ಬೆರಳಿನ ಕೆಂಪು ಗುರುತು.

ಕೀಲು ಕೂರಿಸುವಾಗ ನಾನು ಮೊಣಕಾಲಿನಿಂದ ಕೆಳಗೆ ಹಿಡಿಯುವುದೇ ಇಲ್ಲ.